ಮಡಿಕೇರಿಯ ಒಂದು ಬೈಂಡಿಂಗ್ ಅಂಗಡಿ: ಹಿರಿಯರು ಬಿಟ್ಟುಹೋದ ಪುಸ್ತಕಗಳನ್ನು ಕೊಡುವ ಮುನ್ನ

ಮಡಿಕೇರಿ ಪೇಟೆಯ ಏರು ರಸ್ತೆಯಲ್ಲಿರುವ ಈ ಬೈಂಡಿಂಗ್ ಅಂಗಡಿಯ ದಿನನಿತ್ಯದ ಕೆಲಸವೆಂದರೆ ಶಾಲೆಯ ಹಾಜರಿ ಪುಸ್ತಕ, ಸೊಸೈಟಿಯ ಲೆಡ್ಜರ್, ವಕೀಲರ ಕಡತ, ಕಾಲೇಜು ಮಕ್ಕಳ ಪ್ರಾಜೆಕ್ಟ್ ವರದಿ. ಹಳೆಯ ಪುಸ್ತಕ ರಿಪೇರಿ ಮಾಡುತ್ತಾರೆ ಎಂದು ಬೋರ್ಡು ಹಾಕಿಲ್ಲ, ಬಾಯಿಂದ ಬಾಯಿಗೆ ಹೋದ ಸುದ್ದಿ ಅಷ್ಟೆ. ಮನೆಯ ಹಿರಿಯರು ತೀರಿಕೊಂಡು, ಮಾದವೋ ತಿಥಿಯೋ ಮುಗಿದು, ನೆಂಟರೆಲ್ಲ ಹೋದ ಮೇಲೆ ಅವರ ಕಪಾಟು ಬಿಚ್ಚಿದವರು ಒಂದು ಚೀಲ ಪುಸ್ತಕ ಹಿಡಿದುಕೊಂಡು ಇಲ್ಲಿಗೆ ಬರುತ್ತಾರೆ. ಈ ವಿಮರ್ಶೆ ಅಂಥವರಿಗಾಗಿ. ತಪ್ಪು ಒಪ್ಪು ಎರಡನ್ನೂ ಹೇಳುವುದರಿಂದ ಅಂಗಡಿಯ ಹೆಸರು ಹಾಕಿಲ್ಲ. ಇಲ್ಲಿ ನೋಡಿರುವ ಸಂಗತಿಗಳನ್ನು ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಯಾವ ಬೈಂಡರ್ ಹತ್ತಿರವಾದರೂ ನೋಡಬಹುದು, ಕೇಳಬಹುದು.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಲಿಗೆ ಬಹಳ ಚೆನ್ನಾಗಿದೆ. ಅಂಟು ಕೇಳಿ ಮಾಡಿಸಿಕೊಂಡರೆ ಚೆನ್ನಾಗಿದೆ. ರಟ್ಟು, ಬಟ್ಟೆ ಸಾಧಾರಣ. ಒಳಹಾಳೆ ಉಳಿಸಿಕೊಡಿ ಎಂದರೆ ಉಳಿಸಿಕೊಡುತ್ತಾರೆ, ಹೇಳದೆ ಹೋದರೆ ಉಳಿಯುವುದಿಲ್ಲ. ಕೊನೆಯ ಈ ಮಾತೇ ಎಲ್ಲಕ್ಕಿಂತ ಮುಖ್ಯ.

ಹಳೆಯ ಪುಸ್ತಕ ಬೈಂಡಿಂಗಿಗೆ ಹೋದಾಗ ಮೊದಲು ಕಸಕ್ಕೆ ಬೀಳುವುದು ರಟ್ಟು ಮತ್ತು ಒಳಹಾಳೆ. ರಟ್ಟಿಗೂ ಮೊದಲ ಪುಟಕ್ಕೂ ನಡುವೆ ಇರುವ ಖಾಲಿ ಹಾಳೆಗೆ ಒಳಹಾಳೆ ಎನ್ನುತ್ತಿದ್ದೇವೆ. ಅದರ ಒಂದು ಅರ್ಧ ರಟ್ಟಿಗೆ ಅಂಟಿರುತ್ತದೆ, ಇನ್ನೊಂದು ಅರ್ಧ ಬಿಡಿಯಾಗಿರುತ್ತದೆ. ಬೈಂಡರ್ ಕಣ್ಣಿಗೆ ಅದು ಸವೆದುಹೋದ ಭಾಗ, ಬದಲಾಯಿಸಬೇಕಾದದ್ದು. ಆದರೆ ಮನೆಯವರು ಬರೆದದ್ದೆಲ್ಲ ಇರುವುದು ಅಲ್ಲೇ. ಮಗು ಹುಟ್ಟಿದ ದಿನ, ನಕ್ಷತ್ರ, ಯಾರು ಯಾವ ತಾರೀಕಿಗೆ ಹೋದರು, ಪುಸ್ತಕ ಯಾರ ಕೈಯಿಂದ ಯಾರಿಗೆ ಬಂತು, ಶಾಲೆಯ ಮೊಹರು, ಬಹುಮಾನದ ಚೀಟಿ. ಜನನ ಮರಣ ನೋಂದಣಿ ಕಾಯಿದೆ ಆದದ್ದು 1969ರಲ್ಲಿ. ಅದಕ್ಕಿಂತ ಹಿಂದಿನ ಎಷ್ಟೋ ತಾರೀಕುಗಳಿಗೆ ಮನೆಯಲ್ಲಿ ಸಿಗುವ ಆಧಾರ ಹಳೆಯ ಪಂಚಾಂಗದ ಬದಿ, ಇಲ್ಲವೇ ಇಂಥದೊಂದು ಹಾಳೆ. ಮೊಹರಿನಲ್ಲಿ ‘ಕೂರ್ಗ್ ಸ್ಟೇಟ್’ ಎಂದಿದ್ದರೆ ಅದು 1956ರ ನವೆಂಬರ್ 1ಕ್ಕಿಂತ, ಅಂದರೆ ಕೊಡಗು ಮೈಸೂರು ರಾಜ್ಯಕ್ಕೆ ಸೇರುವುದಕ್ಕಿಂತ ಹಿಂದೆ ಒತ್ತಿದ್ದು ಎಂದು ತಿಳಿಯುತ್ತದೆ.

ಪುಸ್ತಕದ ಒಳಗಿನ ಮಾತು ಬೇರೆ ಕಡೆ ಸಿಕ್ಕೀತು. ನಡಿಕೇರಿಯಂಡ ಚಿಣ್ಣಪ್ಪ ಅವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾಯಿತು. ಕೊಡವರ ಹುಟ್ಟು, ಮದುವೆ, ಸಾವು, ಹಬ್ಬ ಇವುಗಳ ಪದ್ಧತಿ ಮತ್ತು ಹಾಡು ಅದರಲ್ಲಿವೆ. ಆಮೇಲೆ ಮರುಮುದ್ರಣ ಆಗಿದೆ, ಇಂಗ್ಲಿಷ್ ಅನುವಾದವೂ ಬಂದಿದೆ, ಆದ್ದರಿಂದ ಹಾಡು ಹೋಗಿಬಿಡುವುದಿಲ್ಲ. ಆದರೆ ಹಳೆಯ ಪ್ರತಿಯೊಂದರ ಬದಿಯಲ್ಲಿ ‘ನಮ್ಮ ಕಡೆ ಈ ಸಾಲು ಬೇರೆ’ ಎಂದು ಯಾರೋ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರೆ ಆ ಮಾತು ಇರುವುದು ಆ ಒಂದು ಪ್ರತಿಯಲ್ಲಿ ಮಾತ್ರ. ಬೈಂಡಿಂಗಿಗೆ ಕೊಡುವವರು ಉಳಿಸಿಕೊಳ್ಳಬೇಕಾದದ್ದು ಅದನ್ನು.

ಪರೀಕ್ಷೆಗೆಂದು ಕೊಟ್ಟದ್ದು ಆರು ಪುಸ್ತಕ. ಅವುಗಳಲ್ಲಿ ಒಂದು ಕಾಫಿ ತೋಟದ ಡೈರಿ. ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವುದು ಇಲ್ಲಿನ ತೋಟಗಳ ರೂಢಿ, ನೂರು ಸೆಂಟಿಗೆ ಒಂದು ಇಂಚು. ಮಾರ್ಚ್ ತಿಂಗಳ ಪುಟದಲ್ಲಿ ‘ಹೂಮಳೆ 1-12’ ಎಂದು ಒಂದು ಸಾಲು. ಅದರ ಕೆಳಗೆ ಅದೇ ಕೈಬರಹದಲ್ಲಿ ‘ಅಪ್ಪ ತೀರಿಕೊಂಡರು, ಬೆಳಗಿನ ಜಾವ 4.10’. ಮರುದಿನದ ಸಾಲಿನಲ್ಲಿ ‘ಮಳೆ ಇಲ್ಲ’. ಆಮೇಲೆ ದಿನಗಟ್ಟಲೆ ಖಾಲಿ. ಒಂಬತ್ತನೆಯ ದಿನ ‘ಹೂ ಚೆನ್ನಾಗಿ ಬಂದಿದೆ’ ಎಂದಿದೆ. ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಅರಳುವುದು ತೋಟದವರಿಗೆಲ್ಲ ಗೊತ್ತು, ಬರೆದವರ ಲೆಕ್ಕ ತಪ್ಪಿಲ್ಲ. ನಡುವಿನ ಖಾಲಿ ಸಾಲುಗಳೂ ಆ ಲೆಕ್ಕದ ಒಳಗಿನವೇ. ಇಂಥ ಡೈರಿ, ಲೆಕ್ಕದ ಪುಸ್ತಕಗಳಲ್ಲಿ ‘ಬರೆಯದ ಹಾಳೆ ಕಿತ್ತು ತೆಳ್ಳಗೆ ಮಾಡಿಕೊಡಲಾ’ ಎಂದು ಅಂಗಡಿಯವರು ಕೇಳುತ್ತಾರೆ. ಬೇಡ ಎನ್ನಿ.

ಈ ಡೈರಿಯನ್ನು ಅವರು ಹೊಲಿದ ರೀತಿ ನೋಡಿದರೆ ಕೈ ಪಳಗಿದೆ ಎಂದು ಗೊತ್ತಾಗುತ್ತದೆ. ನಮ್ಮ ಪೇಟೆಗಳಲ್ಲಿ ಹೆಚ್ಚಾಗಿ ಮಾಡುವುದು ಅಡ್ಡ ಹೊಲಿಗೆ: ಎಲ್ಲ ಹಾಳೆಗಳನ್ನೂ ಒಟ್ಟಿಗೆ ಜೋಡಿಸಿ, ಬೆನ್ನಿನಿಂದ ಎಂಟು ಹತ್ತು ಮಿಲಿಮೀಟರ್ ಒಳಗೆ ದಬ್ಬಣದಿಂದ ತೂತು ಹೊಡೆದು ಮೇಲಿಂದ ಕೆಳಗೆ ದಾರ ಎಳೆಯುವುದು. ಲೆಡ್ಜರಿಗೆ ಅದು ಸಾಕು. ಹಳೆಯ ಪುಸ್ತಕಕ್ಕೆ ಆಗದು. ಒಳ ಅಂಚು ಹೊಲಿಗೆಯೊಳಗೆ ಹೋಗಿಬಿಡುತ್ತದೆ, ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಬಲವಂತವಾಗಿ ಬಿಚ್ಚಿದರೆ ಒಣಗಿದ ಕಾಗದ ಹೊಲಿಗೆಯ ಗೆರೆಯುದ್ದಕ್ಕೂ ಮುರಿಯುತ್ತದೆ. ಹಾಗೆ ಮುರಿದ ಹಾಳೆಯನ್ನು ಮತ್ತೆ ಹೊಲಿಯಲು ಜಾಗವೇ ಇರುವುದಿಲ್ಲ. ಒಮ್ಮೆ ಅಡ್ಡ ಹೊಲಿಗೆ ಬಿದ್ದ ಪುಸ್ತಕಕ್ಕೆ ಎರಡನೆಯ ಸಲ ರಿಪೇರಿ ಕಷ್ಟ.

ಜುಸ್ ಹೊಲಿಗೆ ಬೇರೆ ಥರ. ಪುಸ್ತಕವನ್ನು ಬಿಚ್ಚಿ ಮುದ್ರಣದ ಫಾರಂಗಳನ್ನು ಬೇರೆ ಮಾಡುತ್ತಾರೆ. ಒಂದೊಂದು ಫಾರಂ ಮಡಿಸಿದ ಎಂಟು ಅಥವಾ ಹದಿನಾರು ಪುಟದ ಕಂತೆ. ಮಡಿಕೆಯ ಒಳಗಿನಿಂದ ದಾರ ಹೊರಗೆ ತಂದು, ಬೆನ್ನಿಗೆ ಅಡ್ಡಲಾಗಿ ಹಾಕಿದ ಮೂರು ಹತ್ತಿ ಪಟ್ಟಿಗಳ ಮೇಲೆ ಸುತ್ತಿ, ಮತ್ತೆ ಒಳಗೆ ಎಳೆದು, ಪ್ರತಿ ಕಂತೆಯ ಎರಡೂ ತುದಿಯಲ್ಲಿ ಹಿಂದಿನ ಕಂತೆಗೆ ಗಂಟು ಹಾಕುತ್ತಾರೆ. ಪುಸ್ತಕ ಮೇಜಿನ ಮೇಲೆ ಅಂಗಾತ ಮಲಗುತ್ತದೆ, ಹಾಳೆಗೆ ತೂತಿನ ಭಾರ ಬೀಳುವುದಿಲ್ಲ, ಬೇಕೆಂದಾಗ ದಾರ ಕತ್ತರಿಸಿ ಬಿಚ್ಚಬಹುದು. ಈ ಅಂಗಡಿಯಲ್ಲಿ ಕೇಳಿದರೆ ಜುಸ್ ಹೊಲಿಗೆ ಹಾಕಿಕೊಡುತ್ತಾರೆ. ದರ ಸಾದಾ ಬೈಂಡಿಂಗಿನ ಸುಮಾರು ಮೂರು ಪಟ್ಟು. ಡೆಮಿ ಅಳತೆಯ ಮುನ್ನೂರು ಪುಟದ ಪುಸ್ತಕ ಎಂದರೆ ಹತ್ತೊಂಬತ್ತು ಕಂತೆ, ಹೊಲಿಗೆಯೊಂದಕ್ಕೇ ಅರ್ಧ ದಿನ ಬೇಕು. ಕೇಳಿದ ದರ ನ್ಯಾಯವಾದದ್ದೇ.

ಮಡಿಕೆಯಲ್ಲೇ ಹರಿದು ಎರಡು ಬಿಡಿ ಹಾಳೆಗಳಾದ ಕಂತೆಗಳಿಗೆ ಒಂದು ಸೆಂಟಿಮೀಟರ್ ಅಗಲದ ತೆಳು ಕಾಗದದ ಪಟ್ಟಿ ಅಂಟಿಸಿ ಮಡಿಕೆ ಕಟ್ಟಿಕೊಟ್ಟಿದ್ದಾರೆ. ಇಲ್ಲೊಂದು ಎಚ್ಚರಿಕೆ. ಎಲ್ಲ ಕಂತೆಗಳಿಗೂ ಪಟ್ಟಿ ಬಿದ್ದರೆ ಬೆನ್ನು ಊದಿಕೊಂಡು ಪುಸ್ತಕ ಹಿಂದೆ ದಪ್ಪ, ಮುಂದೆ ತೆಳ್ಳಗೆ ಆಗುತ್ತದೆ. ದಪ್ಪ ದಾರದಿಂದಲೂ ಇದೇ ತೊಂದರೆ. ಆರರಲ್ಲಿ ಒಂದಕ್ಕೆ ಹೀಗಾಗಿದೆ. ಪಟ್ಟಿಗೆ ಬೈಂಡರ್ ಬಳಸಿದ್ದು ಸಾದಾ ತೆಳು ಕಾಗದ. ಜಪಾನಿ ಟಿಶ್ಯೂ ಎಂದು ಸಿಗುವ ಉದ್ದ ನಾರಿನ ಕಾಗದವನ್ನು ನೀವೇ ತರಿಸಿಕೊಟ್ಟರೆ ಅವರು ಬೇಡ ಎನ್ನುವುದಿಲ್ಲ, ಬೆನ್ನೂ ಊದುವುದಿಲ್ಲ.

ಅಂಟಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಕೊಡಗಿನಲ್ಲಿ ಪುಸ್ತಕ ಹಾಳಾಗುವುದು ಹೆಚ್ಚಾಗಿ ಅಂಟಿನಿಂದಲೇ. ಅಂಗಡಿಯಲ್ಲಿ ಎರಡು ಅಂಟು ಇಟ್ಟಿರುತ್ತಾರೆ. ಒಂದು ಬಾಟಲಿಯ ಬಿಳಿ ಗೋಂದು, ಇನ್ನೊಂದು ಮೈದಾ ಅಂಟು. ಬಿಳಿ ಗೋಂದು ಒಣಗಿದರೆ ಪ್ಲಾಸ್ಟಿಕ್ ಆಗುತ್ತದೆ, ನೀರಿಗೆ ಬಿಡುವುದಿಲ್ಲ. ನಾಳೆ ಯಾರಾದರೂ ಇನ್ನೂ ಚೆನ್ನಾಗಿ ರಿಪೇರಿ ಮಾಡಬೇಕೆಂದರೆ ಹಾಳೆ ಹರಿಯದೆ ಬೇರೆ ಮಾಡಲು ಆಗುವುದಿಲ್ಲ. ರಟ್ಟಿಗೆ ಬಟ್ಟೆ ಅಂಟಿಸಲು ಅದು ಸರಿ, ಹಾಳೆಗೆ ಮುಟ್ಟಿಸಬಾರದು. ಮೈದಾ ಅಂಟು ತೇವ ಮಾಡಿದರೆ ಬಿಟ್ಟುಕೊಳ್ಳುತ್ತದೆ, ಆದ್ದರಿಂದ ಹಾಳೆಗೆ ಅದೇ ಒಳ್ಳೆಯದು. ಆದರೆ ಅದು ಬೆಳ್ಳಿ ಹುಳಕ್ಕೂ ಬೂಷ್ಟಿಗೂ ಊಟ.

ಹುಳ ಬಾರದಿರಲೆಂದು ಬೈಂಡರ್‌ಗಳು ಮೈದಾ ಅಂಟಿಗೆ ಮೈಲುತುತ್ತ ಹಾಕುವುದು ಹಳೆಯ ಪದ್ಧತಿ. ಕೊಡಗಿನಲ್ಲಿ ಮೈಲುತುತ್ತ ಯಾರಿಗೂ ಹೊಸದಲ್ಲ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಹಾಕಿ ಮೆಣಸಿನ ಬಳ್ಳಿಗೆ, ಕಾಫಿಗೆ ಬೋರ್ಡೋ ಸಿಂಪಡಿಸದ ತೋಟವಿಲ್ಲ. ಅಲ್ಲಿ ಸುಣ್ಣ ಅದರ ಹುಳಿಯನ್ನು ಮುರಿಯುತ್ತದೆ. ಅಂಟಿನಲ್ಲಿ ಸುಣ್ಣ ಇರುವುದಿಲ್ಲ. ಬರೀ ಮೈಲುತುತ್ತ ಕಾಗದಕ್ಕೆ ಹುಳಿ ಸೇರಿಸುತ್ತದೆ, ತಾಮ್ರದ ಅಂಶ ಕಾಗದದ ನಾರನ್ನು ಬೇಗ ಸವೆಸುತ್ತದೆ. ಹುಳ ಬರುವುದಿಲ್ಲ ನಿಜ, ಇಪ್ಪತ್ತು ಮೂವತ್ತು ವರ್ಷದಲ್ಲಿ ಅಂಟು ಹಚ್ಚಿದ ಜಾಗ ಕಂದಾಗಿ ಪುಡಿಯಾಗುತ್ತದೆ. ಹಳೆಯ ಬೈಂಡಿಂಗ್ ಬಿಚ್ಚಿದಾಗ ಬೆನ್ನಿನ ಹತ್ತಿರ ಹಸಿರು ಕಂದು ಕಲೆ ಕಂಡರೆ ಕಾರಣ ಇದೇ ಇರಬಹುದು. ಈ ಅಂಗಡಿಯವರು ಇಂದಿಗೂ ಒಂದು ಚಿಟಿಕೆ ಹಾಕುತ್ತಾರೆ, ಹಾಕಬೇಡಿ ಎಂದರೆ ಬಿಡುತ್ತಾರೆ.

ಹಾಕದಿದ್ದರೆ ಹುಳದ ಗತಿ ಏನು ಎಂದು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಉತ್ತರ ಅಡುಗೆಮನೆಯಲ್ಲಿದೆ. ಹುಳ ಪಿಷ್ಟವನ್ನೂ ತಿನ್ನುತ್ತದೆ, ಆದರೆ ಮೈದಾದ ಜಿಗುಟಿನಲ್ಲಿರುವ ಪ್ರೋಟೀನು ಅದನ್ನು ಇನ್ನಷ್ಟು ಸೆಳೆಯುತ್ತದೆ. ಅದನ್ನು ತೆಗೆದು ಬರೀ ಪಿಷ್ಟ ಉಳಿಸಿಕೊಂಡರೆ ಅಂಟು ಬಿಳಿಯಾಗಿಯೂ ಇರುತ್ತದೆ, ಹಳದಿಗೂ ತಿರುಗುವುದಿಲ್ಲ. ಹಲ್ವಕ್ಕೆ, ಸಂಡಿಗೆಗೆ ಗೋಧಿ ಹಾಲು ತೆಗೆಯುತ್ತಾರಲ್ಲ, ಅದೇ ಕೆಲಸ. ಗೋಧಿ ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲನ್ನು ರಾತ್ರಿಯಿಡೀ ಇಟ್ಟರೆ ಬಿಳಿ ಪಿಷ್ಟ ತಳಕ್ಕೆ ಕೂರುತ್ತದೆ. ಮೇಲಿನ ನೀರು ಚೆಲ್ಲಿ, ಹೊಸ ನೀರು ಹಾಕಿ ಕಲಕಿ, ಇನ್ನೊಂದು ಸಲ ಇಳಿಸಬೇಕು. ತಳದ ಪಿಷ್ಟ ಒಂದು ಪಾಲಿಗೆ ನೀರು ನಾಲ್ಕೈದು ಪಾಲು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಇಪ್ಪತ್ತು ನಿಮಿಷ. ಹಾಲಿನ ಬಣ್ಣ ಹೋಗಿ ಗಾಜಿನಂತೆ ಪಾರದರ್ಶಕ ಆದರೆ ಬೆಂದಿದೆ ಎಂದು ಲೆಕ್ಕ. ತಣ್ಣಗಾದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಬೇಕಾದಷ್ಟು ನೀರು ಸೇರಿಸಿ ಬ್ರಷ್ಷಿಗೆ ಹದ ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಒಂದು ದಿನಕ್ಕಿಂತ ಹೆಚ್ಚು ಇಟ್ಟರೆ ಹುಳಿ ವಾಸನೆ ಬರುತ್ತದೆ. ವಾಸನೆ ಬಂದ ಅಂಟು ಎಸೆಯುವುದಕ್ಕೆ ಮಾತ್ರ. ಈ ಅಂಟು ಮಾಡಿ ಡಬ್ಬಿಯಲ್ಲಿ ಕೊಟ್ಟಾಗ ಬೈಂಡರ್ ಅದರಲ್ಲೇ ಕೆಲಸ ಮಾಡಿಕೊಟ್ಟರು. ಬೇರೆಯವರ ಅಂಟು ಮುಟ್ಟುವುದಿಲ್ಲ ಎನ್ನುವ ಬಿಂಕ ಇಲ್ಲದಿರುವುದು ಈ ಅಂಗಡಿಯ ದೊಡ್ಡ ಗುಣ.

ಇನ್ನು ತಪ್ಪುಗಳು. ಡೈರಿಯ ಕೆಲವು ಪುಟಗಳು ಕಾಪಿಯಿಂಗ್ ಪೆನ್ಸಿಲಿನಲ್ಲಿ ಬರೆದವು. ಒಣಗಿದ್ದಾಗ ಸಾದಾ ಸೀಸದಂತೆ ಬೂದು ಬಣ್ಣ, ತೇವ ತಗುಲಿದರೆ ನೇರಳೆ ಶಾಯಿಯಾಗಿ ಹರಡುವ ಪೆನ್ಸಿಲ್ ಅದು. ಹಿಂದೆ ಕಚೇರಿಗಳಲ್ಲಿ, ತೋಟದ ಬರವಣಿಗೆಯಲ್ಲಿ ಅಳಿಸಲಾಗದ ಬರಹಕ್ಕೆಂದು ಬಳಸುತ್ತಿದ್ದರು. ಪಟ್ಟಿ ಅಂಟಿಸುವಾಗ ಅಂಟಿನ ತೇವ ಮಡಿಕೆಯ ಹತ್ತಿರದ ಎರಡು ಸಾಲಿಗೆ ತಾಗಿ ಅಕ್ಷರಗಳ ಸುತ್ತ ಎರಡು ಮಿಲಿಮೀಟರ್ ನೇರಳೆ ನೆರಳು ಹರಡಿದೆ. ಓದಲು ಆಗುತ್ತದೆ, ಆದರೆ ಹಿಂದಕ್ಕೆ ಹೋಗುವುದಿಲ್ಲ. ಬೈಂಡರ್ ಮೊದಲು ಪರೀಕ್ಷೆ ಮಾಡಬೇಕಿತ್ತು: ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒದ್ದೆ ಮಾಡಿ, ಹಿಂಡಿ, ಮುಖ್ಯವಲ್ಲದ ಒಂದು ಚುಕ್ಕೆಗೆ ಕ್ಷಣ ಮಾತ್ರ ಒತ್ತಿ ನೋಡಿದರೆ ಸಾಕು. ಹತ್ತಿಗೆ ಬಣ್ಣ ಬಂದರೆ ಆ ಹಾಳೆಗೆ ನೀರಿನ ಅಂಟು ಬೇಡ. ಫೌಂಟನ್ ಪೆನ್ನಿನ ನೀಲಿ ಶಾಯಿ, ರಬ್ಬರ್ ಮೊಹರಿನ ನೇರಳೆ ಶಾಯಿ ಎರಡಕ್ಕೂ ಇದೇ ನಿಯಮ. ಅಂಥ ಹಾಳೆಗಳನ್ನು ಹೊಲಿಗೆಗೆ ಸೇರಿಸದೆ, ಪಾಲಿಯೆಸ್ಟರ್ ಹಾಳೆಯ ಚೀಲದಲ್ಲಿಟ್ಟು ಪುಸ್ತಕದ ಜೊತೆಗೆ ಇಡುವುದು ಕ್ಷೇಮ. ಲ್ಯಾಮಿನೇಷನ್ ಮಾತ್ರ ಎಂದಿಗೂ ಬೇಡ. ಬಿಸಿ ಪ್ಲಾಸ್ಟಿಕ್ ಕಾಗದಕ್ಕೆ ಕರಗಿ ಅಂಟಿದರೆ ಅದನ್ನು ಬಿಡಿಸುವ ದಾರಿಯಿಲ್ಲ.

ಎರಡನೆಯ ತಪ್ಪು ಕತ್ತರಿಸಿದ್ದು. ಹೊಲಿಗೆ ಮುಗಿದ ಮೇಲೆ ಅಂಚು ಸಮ ಮಾಡಲು ಕಟಿಂಗ್ ಮೆಷಿನ್ನಿಗೆ ಕೊಟ್ಟು ಮೂರು ಬದಿಯಿಂದ ಮೂರು ಮಿಲಿಮೀಟರ್ ತೆಗೆಯುವುದು ಎಲ್ಲ ಕಡೆಯ ಅಭ್ಯಾಸ. ಒಂದು ಪುಸ್ತಕದಲ್ಲಿ ಬದಿಯ ಟಿಪ್ಪಣಿಯ ಮೊದಲಕ್ಷರಗಳು ಹೀಗೆ ಹೋಗಿವೆ. ಚೀಟಿಯಲ್ಲಿ ‘ಕಟಿಂಗ್ ಬೇಡ’ ಎಂದು ಬರೆದ ಐದು ಪುಸ್ತಕಗಳಿಗೆ ಏನೂ ಆಗಿಲ್ಲ, ಆರನೆಯದರ ಚೀಟಿಯಲ್ಲಿ ಆ ಮಾತು ಇರಲಿಲ್ಲ. ಬಾಯಲ್ಲಿ ಹೇಳಿದ್ದು ಅಂಗಡಿಯಲ್ಲಿ ನಿಲ್ಲುವುದಿಲ್ಲ. ತೆಗೆದುಕೊಳ್ಳುವವರು ಒಬ್ಬರು, ಹೊಲಿಯುವವರು ಒಬ್ಬರು, ಕಟಿಂಗ್ ಹುಡುಗ ಇನ್ನೊಬ್ಬ.

ಕೊಡಲೇಬಾರದ ಪುಸ್ತಕಗಳೂ ಇವೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಾದ ಒಂದು ಪುಸ್ತಕ, ಎರಡನೆಯ ಮಹಾಯುದ್ಧದ ಕಾಲದ ಒಂದು ಕನ್ನಡ ಕಾದಂಬರಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ವಯಸ್ಸಿನಲ್ಲಿ ಚಿಕ್ಕದೇ ಹೆಚ್ಚು ಮುದಿಯಾಗಿತ್ತು. ಚಿಂದಿ ಬಟ್ಟೆಯ ನಾರಿನಿಂದ ಮಾಡಿದ ಹಳೆಯ ಕಾಗದ ಇಂದಿಗೂ ಬಾಗುತ್ತದೆ. ಮರದ ತಿರುಳನ್ನು ಅರೆದು, ಪಟಿಕ ಮತ್ತು ರಾಳ ಸೇರಿಸಿ ಮಾಡಿದ ಕಾಗದ ತನ್ನೊಳಗಿನ ಹುಳಿಯಿಂದಲೇ ಸುಡುತ್ತ ಬರುತ್ತದೆ. ಯುದ್ಧದ ಕಾಲದಲ್ಲಿ ಕಾಗದಕ್ಕೆ ಬರ ಬಂದು ಸಿಕ್ಕಿದ್ದರಲ್ಲಿ ಅಚ್ಚು ಹಾಕಿದರು. ಬರಹವಿಲ್ಲದ ಒಂದು ಮೂಲೆಯನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಮಡಿಸಿ ನೋಡಿ. ಎರಡು ಸಲ ಹಾಗೆ ಮಡಿಸುವುದರೊಳಗೆ ಮೂಲೆ ಕೈಗೆ ಬಂದರೆ ಆ ಪುಸ್ತಕವನ್ನು ಯಾವ ಹೊಲಿಗೆಗೂ ಕೊಡಬೇಡಿ. ಪ್ರತಿ ಪುಟದ ಫೋಟೊ ತೆಗೆದು, ಅಳತೆಗೆ ಮಾಡಿಸಿದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಈ ಅಂಗಡಿಯಲ್ಲಿ ಅಂಥ ಪೆಟ್ಟಿಗೆ ಮಾಡಿಕೊಡುತ್ತಾರೆ, ದರ ಸಾದಾ ಬೈಂಡಿಂಗಿನಷ್ಟೇ. ನಮ್ಮ ಆ ಕಾದಂಬರಿಯನ್ನು ಬೈಂಡರ್ ತಾವೇ ಹೊಲಿಯಲು ಒಪ್ಪದೆ ಪೆಟ್ಟಿಗೆಗೆ ಹಾಕಿಕೊಟ್ಟರು. ಹಣ ಬರುವ ಕೆಲಸವನ್ನು ಬೇಡ ಎಂದು ಹೇಳಿದ ಕೈಯನ್ನು ನಂಬಬಹುದು.

ಮೇಲ್ಹೊದಿಕೆಗೆ ಹತ್ತಿಯ ಕ್ಯಾಲಿಕೊ ಬಟ್ಟೆಯನ್ನೇ ಆರಿಸಿ. ರೆಕ್ಸಿನ್ ನೋಡಲು ಗಟ್ಟಿ, ಆದರೆ ಒಳಗಿನ ತೇವ ಹೊರಗೆ ಹೋಗಲು ಬಿಡುವುದಿಲ್ಲ. ಚರ್ಮಕ್ಕೆ ನಮ್ಮ ಊರಿನಲ್ಲಿ ಒಂದೇ ಮಳೆಗಾಲ ಸಾಕು, ಬೂಷ್ಟು ಹಿಡಿಯಲು. ರಟ್ಟು ಎರಡು ಮಿಲಿಮೀಟರ್ ಇರಲಿ, ರಟ್ಟಿನ ನಾರು ಬೆನ್ನಿಗೆ ಸಮಾನಾಂತರವಾಗಿ ಇರಲಿ. ಅಡ್ಡ ಇದ್ದರೆ ರಟ್ಟು ಹಪ್ಪಳದ ಹಾಗೆ ಡೊಂಕಾಗುತ್ತದೆ. ಆರರಲ್ಲಿ ಒಂದು ರಟ್ಟು ಡೊಂಕಾಗಿದೆ, ಆದರೆ ಅದಕ್ಕೆ ಕಾರಣ ನಾರಲ್ಲ, ಪ್ರೆಸ್ಸಿನಿಂದ ಬೇಗ ತೆಗೆದದ್ದು. ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು. ಗಾಳಿಯಲ್ಲಿ ತೇವ ಇದ್ದರೆ ಎರಡು ಮೂರು ದಿನ ಒತ್ತಡದಲ್ಲಿರಬೇಕು.

ಇದರಿಂದ ಕಾಲದ ಮಾತು ಬರುತ್ತದೆ. ಮಡಿಕೇರಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕುಶಾಲನಗರದ ಕಡೆ ಇದರ ಅರ್ಧವೂ ಇಲ್ಲ, ಅಲ್ಲಿನವರಿಗೆ ಸ್ವಲ್ಪ ಸಡಿಲಿಕೆ ಇದೆ. ಗಾಳಿಯ ತೇವಾಂಶ ಶೇ. 65 ದಾಟಿ ಅಲ್ಲೇ ನಿಂತರೆ ಬೂಷ್ಟು ಏಳುತ್ತದೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಡಿಕೇರಿ, ಭಾಗಮಂಡಲದ ಮನೆಗಳ ಒಳಗೆ ಅದು ಶೇ. 90ರ ಹತ್ತಿರ ಇರುತ್ತದೆ. ಆದ್ದರಿಂದ ಪುಸ್ತಕ ಕೊಡಬೇಕಾದ ಕಾಲ ಫೆಬ್ರವರಿ, ಮಾರ್ಚ್. ಮೇ ತಿಂಗಳು ಮುಗಿಯುವುದರೊಳಗೆ ಮನೆಗೆ ಬಂದಿರಬೇಕು. ಈ ಅಂಗಡಿಯವರು ಮೂರು ವಾರ ಎಂದು ಹೇಳಿ ಐದು ವಾರ ತೆಗೆದುಕೊಂಡರು. ಶಾಲೆ ತೆರೆಯುವ ಹೊತ್ತಿಗೆ ಅವರಿಗೆ ಬಿಡುವಿಲ್ಲ, ಏಪ್ರಿಲ್ ಕೊನೆಯಲ್ಲಿ ಕೊಟ್ಟರೆ ನಿಮ್ಮ ಪುಸ್ತಕ ಜೂನ್ ಮಳೆಯಲ್ಲಿ ಅಂಗಡಿಯ ನೆಲದ ಮೇಲಿರುತ್ತದೆ. ಜುಲೈಯಲ್ಲಿ ಹಳೆಯ ಪುಸ್ತಕ ತೆಗೆದುಕೊಳ್ಳುವುದೇ ಇಲ್ಲ ಎಂದು ಅವರೇ ಹೇಳುತ್ತಾರೆ, ಸರಿಯಾದ ಮಾತು.

ಒದ್ದೆಯಾದ ಪುಸ್ತಕವನ್ನೂ ಅವರು ಮುಟ್ಟುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆಮನೆಯ ಕಾಗದಪತ್ರ ಕೆಸರಿನಲ್ಲಿ ಸಿಕ್ಕಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ನೆನೆದ ಪುಸ್ತಕಕ್ಕೆ 48 ಗಂಟೆಯ ಗಡುವು, ಆಮೇಲೆ ಬೂಷ್ಟು ಹೊರಡುತ್ತದೆ. ಅಷ್ಟರೊಳಗೆ ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡುವುದು ಎಲ್ಲೆಡೆ ಹೇಳುವ ಉಪಾಯ. ನಮ್ಮಲ್ಲಿ ಆ ದಿನಗಳಲ್ಲೇ ಕರೆಂಟ್ ಇರುವುದಿಲ್ಲ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಮೈಸೂರಿನ ಕಡೆ ನೆಂಟರಿದ್ದರೆ ಅಲ್ಲಿಗೆ ಕಳಿಸಿ. ಇಲ್ಲವಾದರೆ ಪುಸ್ತಕವನ್ನು ನಿಲ್ಲಿಸಿ, ಹಾಳೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ, ಹತ್ತಿಪ್ಪತ್ತು ಹಾಳೆಗೊಂದು ಒತ್ತುಕಾಗದ ಇಟ್ಟು, ಅದನ್ನು ಗಂಟೆಗೊಮ್ಮೆ ಬದಲಿಸುತ್ತ ಫ್ಯಾನ್ ಗಾಳಿಗೆ ಒಡ್ಡಬೇಕು. ಒಲೆಯ ಹತ್ತಿರ ಇಟ್ಟರೆ ಅಂಚು ಒಣಗಿ ಬೆನ್ನು ಹಸಿಯಾಗಿಯೇ ಉಳಿಯುತ್ತದೆ.

ಬೂಷ್ಟು ಹಿಡಿದ ಪುಸ್ತಕವನ್ನು ಅಂಗಡಿಗೆ ಒಯ್ಯುವ ಮುನ್ನ ಮನೆಯಲ್ಲೇ ಒಣಗಿಸಿ, ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಮೆದು ಬ್ರಷ್ಷಿನಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಗುಡಿಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟಿನ ಬೀಜ ಕಾಗದದೊಳಕ್ಕೆ ಹೋಗುತ್ತದೆ. ಕಾಫಿ ಕಣದ ಬಿಸಿಲಿಗೆ ಹರಡುವವರಿದ್ದಾರೆ, ಅದು ಕಾಗದವನ್ನೂ ಶಾಯಿಯನ್ನೂ ಸುಡುತ್ತದೆ. ನೆರಳಿನ ಗಾಳಿ ಸಾಕು.

ವಾಪಸ್ ಬಂದ ಪುಸ್ತಕ ಇಡುವ ಜಾಗದಲ್ಲಿ ಬಹಳ ಜನ ತಪ್ಪುವುದು ಸಿಲಿಕಾ ಜೆಲ್ ವಿಷಯದಲ್ಲಿ. ಹತ್ತು ಕೆ.ಜಿ. ಪುಸ್ತಕ ಮಳೆಗಾಲದ ಗಾಳಿಯಿಂದ ಹೀರಿಕೊಂಡು ತನ್ನೊಳಗೆ ಇಟ್ಟುಕೊಳ್ಳುವ ನೀರು ಸುಮಾರು ಒಂದು ಲೀಟರ್. ಕಾಲು ಕೆ.ಜಿ. ಸಿಲಿಕಾ ಜೆಲ್ ಹೀರುವುದು ಐವತ್ತು ಅರವತ್ತು ಗ್ರಾಂ. ಜುಲೈಯಲ್ಲಿ ಪುಸ್ತಕದ ಪಕ್ಕ ಪೊಟ್ಟಣ ಇಟ್ಟರೆ ಏನೂ ಆಗುವುದಿಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕು. ಫೆಬ್ರವರಿಯ ಒಣ ಹವೆಯಲ್ಲಿ ಪುಸ್ತಕವೂ ಒಣಗಿರುವಾಗ, ರಬ್ಬರ್ ಅಂಚಿನ ಮುಚ್ಚಳವಿರುವ ಡಬ್ಬಿಯಲ್ಲಿ ಪೊಟ್ಟಣದ ಜೊತೆ ಹಾಕಿ ಮುಚ್ಚಬೇಕು, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದವರೆಗೆ ತೆಗೆಯಬಾರದು. ಕಿತ್ತಳೆ ಬಣ್ಣದ ಹರಳು ಹಸಿರಾದರೆ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ಬಳಸಬಹುದು. ಬೀರುವಿನಲ್ಲೇ ಇಡುವವರು ಬೀರುವನ್ನು ಹೊರಗೋಡೆಯಿಂದ ದೂರ, ಒಳಗೋಡೆಗೆ ಒಂದು ಗೇಣು ಅಂತರ ಬಿಟ್ಟು ನಿಲ್ಲಿಸಿ. ನುಸಿಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ. ಓಲೆಗರಿಗಳ ಕಟ್ಟಿನಲ್ಲಿ ಇಡುತ್ತಿದ್ದ ಬಜೆ ಬೇರು ಹುಳಕ್ಕೆ ಇಂದಿಗೂ ಒಳ್ಳೆಯದು, ತುಂಡುಗಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡಿ, ಹಾಳೆಗೆ ತಾಗದಿರಲಿ.

ಈ ಅಂಗಡಿಯ ಇನ್ನೊಂದು ಒಳ್ಳೆಯ ಅಭ್ಯಾಸ ಹೇಳಬೇಕು. ಪುಸ್ತಕ ಬಿಚ್ಚುವಾಗ ನಡುವೆ ಸಿಕ್ಕಿದ ಬಸ್ ಟಿಕೆಟ್, ರಸೀದಿ, ಒಣಗಿದ ಹೂ, ಮಡಿಸಿದ ಕಾಗದ ಎಲ್ಲವನ್ನೂ ಒಂದು ಲಕೋಟೆಗೆ ಹಾಕಿ, ಯಾವ ಪುಟದಲ್ಲಿತ್ತು ಎಂದು ಪೆನ್ಸಿಲಿನಲ್ಲಿ ಬರೆದು ಕೊಟ್ಟಿದ್ದಾರೆ. ಒಂದು ಲಕೋಟೆಯಲ್ಲಿ ತುಕ್ಕು ಹಿಡಿದ ಜೆಮ್ ಕ್ಲಿಪ್ಪೂ ಇತ್ತು, ಮೇಲೆ ‘ಪುಟ 88’ ಎಂದು ಬರೆದಿತ್ತು. 88ನೆಯ ಪುಟ ತೆಗೆದರೆ ಅದರ ತುಕ್ಕಿನ ಕಲೆ ಅದೇ ಆಕಾರದಲ್ಲಿ ಇದೆ. ಓದಿದವರು ಅಲ್ಲಿಗೆ ನಿಲ್ಲಿಸಿದ್ದರು. ಆಮೇಲಿನ ಪುಟಗಳ ಮೂಲೆ ಒಂದೂ ಮಡಚಿಲ್ಲ.

ಕೊಡುವಾಗ ಪ್ರತಿ ಪುಸ್ತಕಕ್ಕೂ ಬೇರೆ ಚೀಟಿ ಮಾಡಿ, ದಾರದಿಂದ ಕಟ್ಟಿ. ಅಂಟಿಸಬೇಡಿ, ಪಿನ್ನು ಚುಚ್ಚಬೇಡಿ. ಅದರಲ್ಲಿ ಇಷ್ಟು ಬರೆಯಿರಿ: ಜುಸ್ ಹೊಲಿಗೆ, ಹಾಳೆಗೆ ಬಿಳಿ ಗೋಂದು ಬೇಡ, ಮೈಲುತುತ್ತ ಬೇಡ, ಕಟಿಂಗ್ ಬೇಡ, ಹಳೆಯ ರಟ್ಟು ಮತ್ತು ಒಳಹಾಳೆ ವಾಪಸ್, ಖಾಲಿ ಹಾಳೆ ತೆಗೆಯಬೇಡಿ, ಟೇಪ್ ಹಾಕಬೇಡಿ. ಒಳಹಾಳೆಯ ಫೋಟೊ ತೆಗೆದು ನಿಮ್ಮ ಬಳಿ ಇಟ್ಟುಕೊಂಡೇ ಕೊಡಿ. ಜೊತೆಗೆ, ಹೊಸ ಬೈಂಡಿಂಗಿನಲ್ಲಿ ಮುಂದೆ ಎರಡು, ಹಿಂದೆ ಎರಡು ಖಾಲಿ ಹಾಳೆ ಹೆಚ್ಚಿಗೆ ಹೊಲಿಯಲು ಹೇಳಿ. ಅಜ್ಜ ಬರೆದ ಪಟ್ಟಿ ಎಲ್ಲಿಗೆ ನಿಂತಿದೆಯೋ ಅದರ ಮುಂದಿನದನ್ನು ಅಲ್ಲಿ ಬರೆಯಬಹುದು, ಅವರ ಹೆಸರಿನ ಮುಂದಿನ ತಾರೀಕಿನಿಂದ ಮೊದಲು ಮಾಡಿ. ಸಾದಾ ಎಚ್‌ಬಿ ಪೆನ್ಸಿಲ್ ಬಳಸಿ, ಅದು ನೀರಿಗೆ ಹರಡುವುದಿಲ್ಲ, ಬೆಳಕಿಗೆ ಮಾಸುವುದಿಲ್ಲ. ಇಸವಿಯನ್ನು ನಾಲ್ಕಂಕಿಯಲ್ಲಿ ಪೂರ್ತಿ ಬರೆಯಿರಿ.